ಫ್ಲಾರೆನ್ಸ್ ನಗರದಲ್ಲಿ ಒಂದು ದಿನ

ಯೂರೋಪಿನ ಪ್ರಸಿದ್ಧ ನಗರಗಳನ್ನು ಕುರಿತು ಪಾಠ ಹೇಳುವಾಗ ಉಪಾಧ್ಯಾಯಿನಿಯರಾದ ನಾವು ಸಾಮಾನ್ಯವಾಗಿ ಮೂರು ಸಂಗತಿಗಳನ್ನು ತಿಳಿಸಿ ಮುಂದಕ್ಕೆ ಸಾಗುತ್ತೇವೆ. ನಗರವು ಯಾವ ನದಿಯ ದಡದಲ್ಲಿದೆ, ಯಾತಕ್ಕೆ ಹೆಸರಾಗಿದೆ, ಅಲ್ಲಿ ನೋಡತಕ್ಕವು ಯಾವುವು ಎಂಬಿಷ್ಟೇ. ಇಟಲಿ ದೇಶದ ಫ್ಲಾರೆನ್ಸ್ ನಗರದ ವಿಷಯದಲ್ಲಿ ನಾನೂ ಸುಮಾರು ಇಪ್ಪತ್ತು ವರ್ಷಕಾಲ ಇಷ್ಟನ್ನೇ ಹೇಳಿದವಳು. ಆರ್ನೋ ನದಿ, ಉಣ್ಣೆ, ರೇಷ್ಮೆ, ಚಿತ್ರಕಲೆ, ದೊಡ್ಡ ಗುಮ್ಮಟ, ಹಳೆಯ ಸೇತುವೆ. ಮಕ್ಕಳು ಬರೆದುಕೊಂಡರು, ಪರೀಕ್ಷೆಯಲ್ಲಿ ಒಪ್ಪಿಸಿದರು, ಮರೆತರು. ಅವರನ್ನು ದೂರುವ ಹಕ್ಕು ನನಗಿಲ್ಲ. ಯಾಕಂದರೆ ಆ ನಗರವನ್ನು ಕಣ್ಣಾರೆ ಕಾಣುವ ತನಕ ನನಗೂ ಅದು ಒಂದು ಪಟ್ಟಿಯಾಗಿಯೇ ಇತ್ತು.

ಶಿಕ್ಷಣಕ್ಕೆ ಸಂಬಂಧಿಸಿದ ಒಂದು ಕೂಟಕ್ಕಾಗಿ ನಾನು ರೋಮಿಗೆ ಹೋಗಬೇಕಾಗಿ ಬಂದಾಗ ಒಂದು ದಿನ ಬಿಡುವು ದೊರೆಯಿತು. ಆ ಊರಿನ ಆಸ್ಪತ್ರೆಯೊಂದರಲ್ಲಿ ನರ್ಸಾಗಿರುವ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು, ರಾತ್ರಿಯ ಪಾಳಿ ಮುಗಿಸಿ ನೇರವಾಗಿ ರೈಲ್ವೆ ಸ್ಟೇಷನ್ನಿಗೆ ಬಂದು, "ಟೀಚರ್, ಫ್ಲಾರೆನ್ಸಿಗೆ ಒಂದೂವರೆ ತಾಸಿನ ದಾರಿ. ಹೋಗಿ ಸಂಜೆಗೆ ಮರಳೋಣ" ಎಂದಳು. ನಿದ್ರೆಗೆಟ್ಟ ಕಣ್ಣುಗಳನ್ನು ಕಂಡು ನಾನು ಬೇಡವೆಂದೆನು. ತರಗತಿಯಲ್ಲಿ ಹೇಗೆ ಹಟ ಹಿಡಿಯುತ್ತಿದ್ದಳೋ ಹಾಗೆಯೇ ಈಗಲೂ ಹಿಡಿದಳು. ಅವಳ ಅಪ್ಪಣೆಯಿಲ್ಲದೆ ಹೆಸರನ್ನು ಬರೆಯುವುದು ಉಚಿತವಲ್ಲವಾದ ಕಾರಣ ಬರೆದಿಲ್ಲ. ಓರಗೆಯವರು ಗುರುತಿಸದೆ ಇರಲಾರರು.

ಫ್ಲಾರೆನ್ಸನ್ನು ಅಲ್ಲಿಯವರು ಫಿರೆಂಜೆ ಎಂದು ಕರೆಯುತ್ತಾರೆ. ಸ್ಟೇಷನ್ನಿನಿಂದ ಹೊರಬಿದ್ದು ರಸ್ತೆ ದಾಟಿದರೆ ಸಾಂತಾ ಮರಿಯಾ ನೊವೆಲ್ಲಾ ಎಂಬ ಹಳೆಯ ದೇವಾಲಯ. ಅದರ ಬಿಳಿ ಹಸುರು ಅಮೃತಶಿಲೆಯ ಮುಖಭಾಗವನ್ನು ಆಲ್ಬೆರ್ತಿ ಎಂಬ ಪಂಡಿತನು ರೂಪಿಸಿ ೧೪೭೦ರಲ್ಲಿ ಮುಗಿಸಿದನು. ಜನರು ಅಲ್ಲಿಗೆ ಹೋಗುವುದು ಮಸಾಚೋ ಎಂಬ ಯುವಕನ ತ್ರಯೈಕ್ಯದ ಚಿತ್ರವನ್ನು ನೋಡಲಿಕ್ಕೆ, ನಾವೂ ನೋಡಿದೆವು. ಆದರೆ ನಮ್ಮನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಅದಲ್ಲ. ಪಕ್ಕದ ಮಠದ ಕೋಣೆಗಳಲ್ಲಿ ಏರ್ಪಡಿಸಿರುವ ವಸ್ತುಸಂಗ್ರಹಾಲಯದಲ್ಲಿ ಕರ್ತನ ರಾತ್ರಿಭೋಜನದ ಒಂದು ಚಿತ್ರವಿದೆ. ಸುಮಾರು ೨೩ ಅಡಿ ಉದ್ದದ ಬಟ್ಟೆಯ ಮೇಲೆ ಹದಿಮೂರು ಮಂದಿ ಆಳೆತ್ತರದಲ್ಲಿ ಕುಳಿತಿದ್ದಾರೆ. ಮೇಜಿನ ಮೇಲೆ ರೊಟ್ಟಿ, ದ್ರಾಕ್ಷಾರಸ, ಕುರಿಮರಿಯ ಮಾಂಸ. ಅವುಗಳ ಜೊತೆಗೆ ಸೊಪ್ಪು, ಹಸಿ ಅವರೆಯನ್ನು ಹೋಲುವ ಕಾಳು. ಅಡಿಗೆಮನೆಯನ್ನು ಬಲ್ಲ ಕೈ ಇದನ್ನು ಬರೆದಿದೆಯೆಂದು ನನ್ನ ಶಿಷ್ಯೆ ಕೂಡಲೆ ಹೇಳಿದಳು. ಅವಳ ಊಹೆ ಸರಿಯಾಗಿತ್ತು. ಬರೆದವಳು ಪ್ಲಾವುತಿಲ್ಲಾ ನೆಲ್ಲಿ ಎಂಬ ಕನ್ಯಾಸ್ತ್ರೀ.

ಈಕೆ ೧೫೨೪ರಲ್ಲಿ ಹುಟ್ಟಿ, ಹದಿನಾಲ್ಕನೆಯ ವಯಸ್ಸಿನಲ್ಲಿ ಮಠವನ್ನು ಸೇರಿದಳು. ಚಿತ್ರಗಾರರ ಅಂಗಡಿಯಲ್ಲಿ ಅಭ್ಯಾಸ ಮಾಡುವ ಅವಕಾಶ ಹುಡುಗಿಯರಿಗೆ ಇರಲಿಲ್ಲ. ಮಠಕ್ಕೆ ಬಂದಿದ್ದ ಹಿಂದಿನ ಚಿತ್ರಗಾರನೊಬ್ಬನ ಕರಡುಗಳನ್ನು ನೋಡಿ ನೋಡಿ ತಿದ್ದಿ ಕಲಿತಳು. ಅದೇ ಕಾಲದ ವಸಾರಿ ಎಂಬ ಚರಿತ್ರಕಾರನು ಚಿತ್ರಗಾರರ ಜೀವನಚರಿತ್ರೆಯನ್ನು ಬರೆಯುವಾಗ ಇವಳನ್ನು ನೆನೆದು, ಗಂಡಸರಂತೆ ಇವಳಿಗೂ ಜೀವಂತ ವ್ಯಕ್ತಿಗಳನ್ನು ಎದುರಿಗಿಟ್ಟುಕೊಂಡು ಅಭ್ಯಾಸ ಮಾಡುವ ಅನುಕೂಲವಿದ್ದಿದ್ದರೆ ಅದ್ಭುತವಾದ ಕೆಲಸಗಳನ್ನು ಮಾಡುತ್ತಿದ್ದಳೆಂಬ ಅರ್ಥದಲ್ಲಿ ಬರೆದಿದ್ದಾನೆ. ನಿಜವೇ, ಅವಳ ಶಿಷ್ಯರ ಮುಖಗಳಲ್ಲಿ ಕೆಲವು ಗಡ್ಡ ಅಂಟಿಸಿದ ಸಹೋದರಿಯರ ಮುಖಗಳಂತಿವೆ! ಅವಳು ಅನುದಿನವೂ ಕಾಣುತ್ತಿದ್ದದ್ದು ಆ ಮುಖಗಳನ್ನೇ. ಚಿತ್ರದ ಮೇಲ್ಗಡೆ ತನ್ನ ಹೆಸರನ್ನು ಬರೆದು, ಇದನ್ನು ಬರೆದವಳಿಗಾಗಿ ಪ್ರಾರ್ಥಿಸಿರಿ ಎಂದು ಲತೀನಿನಲ್ಲಿ ಕೇಳಿಕೊಂಡಿದ್ದಾಳೆ. ಲತೀನಿನಲ್ಲಿ ಚಿತ್ರಗಾರನಿಗಿರುವ ಶಬ್ದಕ್ಕೆ ಸ್ತ್ರೀಲಿಂಗದ ರೂಪವನ್ನು ಕೊಟ್ಟು ಬರೆದಿದ್ದಾಳೆಂಬುದನ್ನು ವ್ಯಾಕರಣದ ಉಪಾಧ್ಯಾಯಿನಿಯಾದ ನಾನು ಗಮನಿಸದೆ ಇರಲಾರದೆ ಹೋದೆನು. ಬಹುಕಾಲ ಸಾರ್ವಜನಿಕರ ಕಣ್ಣಿಗೆ ಬೀಳದೆ ಇದ್ದ ಈ ಚಿತ್ರವು ನಾಲ್ಕು ವರ್ಷಗಳ ದುರಸ್ತಿಯ ತರುವಾಯ ೨೦೧೯ರಲ್ಲಿ ಇಲ್ಲಿ ಇಡಲ್ಪಟ್ಟಿತು.

ಹದಿನಾಲ್ಕು ವರ್ಷದ ಹುಡುಗಿ ಮಠಕ್ಕೆ ಯಾಕೆ ಹೋದಳು? ಭಕ್ತಿಯಿಂದ ಹೋದವರು ಇದ್ದರು. ಇದನ್ನು ನಾನು ಹಗುರವಾಗಿ ಹೇಳುವವಳಲ್ಲ. ಆದರೆ ಆ ಊರಿನ ಸ್ಥಿತಿವಂತರ ಮನೆಗಳಿಂದ ಅಷ್ಟೊಂದು ಹೆಣ್ಣುಮಕ್ಕಳು ಮಠಗಳನ್ನು ಸೇರಿದ್ದಕ್ಕೆ ಇನ್ನೊಂದು ಕಾರಣವಿತ್ತು. ಅದನ್ನು ತಿಳಿಯಬೇಕಾದರೆ ವಾಚಕರು ನನ್ನೊಂದಿಗೆ ಹತ್ತು ನಿಮಿಷ ನಡೆದು ಗುಮ್ಮಟದ ಬಳಿಗೆ ಬರಬೇಕು.

ಇಕ್ಕಟ್ಟಾದ ಬೀದಿಯ ಕೊನೆಯಲ್ಲಿ ಆ ಗುಮ್ಮಟವು ಇದ್ದಕ್ಕಿದ್ದ ಹಾಗೆ ಆಕಾಶವನ್ನು ತುಂಬಿ ನಿಲ್ಲುತ್ತದೆ. ಪಟದಲ್ಲಿ ಎಷ್ಟು ಸಾರಿ ಕಂಡಿದ್ದರೂ ಅದರ ಗಾತ್ರಕ್ಕೆ ಮನಸ್ಸು ಸಿದ್ಧವಾಗಿರುವುದಿಲ್ಲ. ಸಾಂತಾ ಮರಿಯಾ ದೆಲ್ ಫಿಯೋರೆ ಎಂಬ ಈ ಪ್ರಧಾನ ದೇವಾಲಯದ ಕೆಲಸವು ೧೨೯೬ರಲ್ಲಿ ಪ್ರಾರಂಭವಾಯಿತು. ಗೋಡೆಗಳು ಎದ್ದವು, ಗುಮ್ಮಟ ಬರಬೇಕಾದ ಸ್ಥಳವು ಮಾತ್ರ ತೆರೆದ ಬಾಯಂತೆ ಬಹುಕಾಲ ಹಾಗೆಯೇ ಉಳಿಯಿತು. ಯಾಕಂದರೆ ಅದರ ಅಗಲ ಸುಮಾರು ೧೫೦ ಅಡಿ. ಕಮಾನನ್ನು ಕಟ್ಟುವವರು ಮೊದಲು ಅದರ ಅಡಿಗೆ ಮರದ ಅಚ್ಚನ್ನು ನಿಲ್ಲಿಸಿ, ಕಲ್ಲುಗಾರೆ ಬಿಗಿದ ಮೇಲೆ ಅದನ್ನು ತೆಗೆಯುವುದುಂಟಷ್ಟೆ. ಇಷ್ಟು ಅಗಲಕ್ಕೆ, ಇಷ್ಟು ಎತ್ತರದಲ್ಲಿ, ಅಂಥ ಅಚ್ಚನ್ನು ಮಾಡುವಷ್ಟು ಮರವನ್ನು ಒದಗಿಸುವುದೇ ಅಸಾಧ್ಯವಾಗಿತ್ತು. ೧೪೧೮ರಲ್ಲಿ ಪಂದ್ಯವನ್ನು ಸಾರಿದರು. ಅಚ್ಚೇ ಇಲ್ಲದೆ ಕಟ್ಟುತ್ತೇನೆಂದು ಮುಂದೆ ಬಂದವನು ಫಿಲಿಪ್ಪೋ ಬ್ರೂನೆಲ್ಲೆಸ್ಕಿ ಎಂಬ ಅಕ್ಕಸಾಲಿ. ಇದೇ ದೇವಾಲಯದ ಎದುರಿಗಿರುವ ದೀಕ್ಷಾಸ್ನಾನದ ಮಂದಿರಕ್ಕೆ ಕಂಚಿನ ಬಾಗಿಲನ್ನು ಮಾಡುವ ೧೪೦೧ರ ಪಂದ್ಯದಲ್ಲಿ ಗಿಬೆರ್ತಿ ಎಂಬವನಿಗೆ ಸೋತಿದ್ದವನು ಈತನೇ. ಅಬ್ರಹಾಮನು ಇಸಾಕನನ್ನು ಬಲಿಗೊಡುವ ಕಥೆಯನ್ನು ಇಬ್ಬರೂ ಎರೆದ ಆ ಪರೀಕ್ಷೆಯ ಹಲಗೆಗಳು ಆರು ಶತಮಾನಗಳ ಮೇಲೂ ಅದೇ ಊರಿನ ಬಾರ್ಜೆಲ್ಲೋ ವಸ್ತುಸಂಗ್ರಹಾಲಯದಲ್ಲಿ ಇವೆ. ಸೋತವನ ಉತ್ತರಪತ್ರಿಕೆಯನ್ನೂ ಜೋಪಾನವಾಗಿಟ್ಟ ಊರು ಬೇರೆ ಎಲ್ಲುಂಟೋ ನಾನರಿಯೆ.

೧೪೨೦ರಲ್ಲಿ ಕೆಲಸ ಹಿಡಿದು ೧೪೩೬ಕ್ಕೆ ಗುಮ್ಮಟವನ್ನು ಮುಚ್ಚಿದರು. ಒಂದರೊಳಗೊಂದಾಗಿ ಎರಡು ಚಿಪ್ಪುಗಳು. ನಡುವೆ ಏರಿಹೋಗಲು ಮೆಟ್ಟಿಲು. ನಾಲ್ಕು ದಶಲಕ್ಷಕ್ಕೂ ಮೇಲ್ಪಟ್ಟ ಇಟ್ಟಿಗೆಗಳು. ಮಲಗಿಸಿದ ಇಟ್ಟಿಗೆಗಳ ನಡುನಡುವೆ ಕೆಲವನ್ನು ಎದ್ದು ನಿಲ್ಲಿಸಿ, ಮೀನಿನ ಎಲುಬಿನ ಹಾಗೆ ಓರೆಯಾಗಿ ಸಾಲು ಹೆಣೆದದ್ದರಿಂದ, ನಿಂತ ಇಟ್ಟಿಗೆಗಳು ಮಲಗಿದವುಗಳನ್ನು ಹಿಡಿದುಕೊಂಡವು. ಒಂದು ಸುತ್ತು ಮುಗಿದೊಡನೆ ಅದು ತನ್ನ ಭಾರವನ್ನು ತಾನೇ ಹೊತ್ತು ಮೇಲಿನ ಸುತ್ತಿಗೆ ಆಧಾರವಾಯಿತು. ಭಾರವನ್ನು ಮೇಲಕ್ಕೆತ್ತಲು ಎತ್ತುಗಳು ತಿರುಗಿಸುವ ಒಂದು ಯಂತ್ರವನ್ನು ಅವನು ಮಾಡಿದನು. ಎತ್ತುಗಳನ್ನು ಬಿಚ್ಚಿ ತಿರುಗಿಸಿ ಕಟ್ಟದೆಯೇ ಹಲ್ಲುಚಕ್ರವನ್ನು ಬದಲಿಸಿ ಅದೇ ಯಂತ್ರದಿಂದ ಭಾರವನ್ನು ಇಳಿಸಬಹುದಾಗಿತ್ತು. ನಮ್ಮ ವಿಜಾಪುರದ ಗೋಲಗುಮ್ಮಟವನ್ನು ನೋಡಿದವರು ಗಾತ್ರದಲ್ಲಿ ಇದನ್ನು ಅದಕ್ಕೆ ಹೋಲಿಸಿಕೊಳ್ಳಬಹುದು. ಅದು ಪೂರ್ತಿಯಾದದ್ದು ೧೬೫೬ರಲ್ಲಿ. ಇಟ್ಟಿಗೆಯ ಗುಮ್ಮಟಗಳಲ್ಲಿ ಫ್ಲಾರೆನ್ಸಿನದನ್ನು ಮೀರಿದ್ದು ಲೋಕದಲ್ಲಿ ಇಂದಿಗೂ ಇಲ್ಲ. ಮೇಲಕ್ಕೆ ೪೬೩ ಮೆಟ್ಟಿಲುಗಳಿವೆ. ಮುಂಗಡವಾಗಿ ಚೀಟಿ ಕೊಂಡಿರದ ಕಾರಣ ನಮ್ಮನ್ನು ಬಿಡಲಿಲ್ಲ. ಶಿಷ್ಯೆಗೆ ಬೇಸರವಾಯಿತು, ನನ್ನ ಮೊಣಕಾಲುಗಳಿಗೆ ಅಷ್ಟೇನೂ ಆಗಲಿಲ್ಲ.

ದೇವಾಲಯದ ಬದಿಯ ಕಲ್ಲುಮೆಟ್ಟಿಲ ಮೇಲೆ ಕುಳಿತು ನಾವು ತಂದಿದ್ದ ಬುತ್ತಿಯನ್ನು ತಿನ್ನುತ್ತಿದ್ದಾಗ ಅವಳಿಗೆ ನಾನು ಹೇಳಿದ ಸಂಗತಿಯನ್ನೇ ಈಗ ವಾಚಕರಿಗೂ ಹೇಳುತ್ತೇನೆ. ಈ ಗುಮ್ಮಟವು ಅರ್ಧ ಎದ್ದಿದ್ದ ೧೪೨೫ನೆಯ ಇಸವಿಯಲ್ಲಿ ಫ್ಲಾರೆನ್ಸಿನ ಸರಕಾರವು ಒಂದು ನಿಧಿಯನ್ನು ಸ್ಥಾಪಿಸಿತು. ಅದರ ಹೆಸರು ಮೋಂತೆ ದೆಲ್ಲೆ ದೋತಿ. ಅಂದರೆ ವರದಕ್ಷಿಣೆಯ ನಿಧಿ. ಯುದ್ಧಗಳಿಂದ ಸರಕಾರಕ್ಕೆ ಸಾಲವಾಗಿತ್ತು. ತಂದೆಗಳಿಗೆ ಹೆಣ್ಣುಮಕ್ಕಳ ಚಿಂತೆಯಾಗಿತ್ತು. ಇವೆರಡು ಕಷ್ಟಗಳನ್ನು ಒಂದಕ್ಕೊಂದು ಗಂಟುಹಾಕಿದರು. ಮಗಳು ಚಿಕ್ಕವಳಿರುವಾಗ ತಂದೆಯು ಹಣವನ್ನು ಸರಕಾರಕ್ಕೆ ಕೊಡತಕ್ಕದ್ದು. ಏಳೂವರೆ ವರ್ಷವೋ ಹದಿನೈದು ವರ್ಷವೋ ಕಳೆದ ಮೇಲೆ, ವಿವಾಹವಾದ ತರುವಾಯ, ಬೆಳೆದ ಮೊತ್ತವನ್ನು ಸರಕಾರವು ಕೊಡತಕ್ಕದ್ದು. ಮೊದಲಿನ ನಿಯಮದಂತೆ ೧೦೦ ಫ್ಲೋರಿನ್ ನಾಣ್ಯಗಳನ್ನಿಟ್ಟವನಿಗೆ ಹದಿನೈದು ವರ್ಷಕ್ಕೆ ೫೦೦. ಯಾರಿಗೆ ಕೊಡತಕ್ಕದ್ದು? ಹುಡುಗಿಗಲ್ಲ, ಗಂಡನಿಗೆ. ಹುಡುಗಿಯು ನಡುವೆ ಸತ್ತುಹೋದರೆ ಇಟ್ಟ ಹಣವು ಸರಕಾರದ ಪಾಲು. ಪ್ಲೇಗಿನ ಕಾಲದಲ್ಲಿ ಈ ನಿಯಮಕ್ಕೆ ಹೆದರಿ ತಂದೆಗಳು ಮುಂದೆ ಬರಲಿಲ್ಲ. ೧೪೩೩ರಲ್ಲಿ ನಿಯಮವನ್ನು ತಿದ್ದಿ, ಮಗು ಸತ್ತರೆ ಅಸಲನ್ನು ಹಿಂದಿರುಗಿಸುವುದೆಂದು ಗೊತ್ತುಮಾಡಿದ ಮೇಲೆ ಸಾವಿರಾರು ಹುಡುಗಿಯರ ಹೆಸರುಗಳು ಆ ಲೆಕ್ಕದ ಪುಸ್ತಕಗಳಲ್ಲಿ ಬರೆಯಲ್ಪಟ್ಟವು. ಅವು ಈಗಲೂ ಉಳಿದಿರುವುದರಿಂದ ಚರಿತ್ರೆಯನ್ನು ಶೋಧಿಸುವವರಿಗೆ ಆ ಹುಡುಗಿಯರ ವಯಸ್ಸೂ ಬೆಲೆಯೂ ಚೆನ್ನಾಗಿ ಗೊತ್ತಿದೆ. ಅವರ ಮನಸ್ಸಿನಲ್ಲಿದ್ದದ್ದು ಮಾತ್ರ ಆ ಪುಸ್ತಕಗಳಲ್ಲಿ ಇಲ್ಲ.

ನಿಧಿಯಿಂದ ಚಿಂತೆ ಕಡಮೆಯಾಯಿತೇ? ಇಲ್ಲ. ಕೊಡುವ ಶಕ್ತಿ ಹೆಚ್ಚಿದಷ್ಟೂ ಕೇಳುವವರ ಬಾಯಿ ದೊಡ್ಡದಾಯಿತು. ಮದುವೆಗೆ ಬೇಕಾದ ಹಣ ಏರುತ್ತಾ ಹೋಯಿತು. ಮಠಕ್ಕೆ ಸೇರಿಸುವಾಗ ಕೊಡಬೇಕಾದದ್ದು ಅದಕ್ಕಿಂತ ಬಹಳ ಕಡಮೆ. ಹೀಗಿರಲು ಎರಡು ಮೂರು ಹೆಣ್ಣುಮಕ್ಕಳಿರುವ ತಂದೆಯು ಒಬ್ಬಳಿಗೆ ವಿವಾಹಮಾಡಿ ಉಳಿದವರನ್ನು ಮಠಕ್ಕೆ ಕಳುಹಿಸುತ್ತಿದ್ದನು. ಪುನರುಜ್ಜೀವನದ ಕಾಲವೆಂದು ನಾವು ಪಾಠ ಹೇಳುವುದು ಈ ಕಾಲಕ್ಕೇ.

ನನ್ನ ಶಿಷ್ಯೆಯು ಸ್ವಲ್ಪ ಹೊತ್ತು ಸುಮ್ಮನಿದ್ದು, "ಟೀಚರ್, ನನ್ನ ಅಪ್ಪ ಪೋಸ್ಟಾಫೀಸಿನಲ್ಲಿ ಕಟ್ಟುತ್ತಿದ್ದದ್ದೂ ಇದೇ ಅಲ್ಲವೇ?" ಎಂದು ಕೇಳಿದಳು.

ಅದೇ ಹೌದು. ಅವಳು ಒಂಬತ್ತನೆಯ ತರಗತಿಯಲ್ಲಿದ್ದಾಗ ನಾನು ಅವಳ ತರಗತಿಯ ಉಪಾಧ್ಯಾಯಿನಿಯಾಗಿದ್ದೆನು. ಅವಳ ತಂದೆ ಒಂದು ಮಧ್ಯಾಹ್ನ ಛತ್ರಿಯನ್ನು ಬಾಗಿಲ ಹೊರಗಿಟ್ಟು ಒಳಗೆ ಬಂದು, ಹತ್ತು ಮುಗಿದ ಕೂಡಲೆ ಹುಡುಗಿಗೆ ಮದುವೆ ಮಾಡುವ ಯೋಚನೆಯಿದೆ, ಮದುವೆಗೆಂದು ಅವಳು ಹುಟ್ಟಿದಂದಿನಿಂದ ತಿಂಗಳು ತಿಂಗಳು ಕೂಡಿಟ್ಟ ಹಣವಿದೆ, ಅದನ್ನು ಕಾಲೇಜಿಗೂ ಮದುವೆಗೂ ಎರಡಕ್ಕೂ ಎಳೆಯಲು ಬರುವುದಿಲ್ಲ, ಏನು ಹೇಳುತ್ತೀರಿ ಎಂದು ಕೇಳಿದರು. ಅವರು ಕಠಿಣರಾದ ಮನುಷ್ಯರಲ್ಲ, ಹೆದರಿದ ಮನುಷ್ಯರು. ಅವರ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಅಂಥ ದೊಡ್ಡದೇನೂ ಆಗಿರಲಿಲ್ಲ. ಇನ್ನೊಂದು ವರ್ಷ ನಿಧಾನಿಸಿ ಎಂದೆನು, ಆ ವರ್ಷವೂ ಕಳೆದ ಮೇಲೆ ಮತ್ತೊಂದು ವರ್ಷ ಎಂದೆನು. ಕಡೆಗೆ ಆ ಹಣ ನರ್ಸಿಂಗ್ ಶಾಲೆಯ ಫೀಸಿಗೆ ಹೋಯಿತು. ನಮ್ಮ ದೇಶದಲ್ಲಿ ವರದಕ್ಷಿಣೆಯನ್ನು ನಿಷೇಧಿಸುವ ಕಾನೂನು ೧೯೬೧ರಲ್ಲಿ ಆಯಿತು; ಇಟಲಿಯಲ್ಲಿ ವರದಕ್ಷಿಣೆಯ ಪದ್ಧತಿಯನ್ನು ಕಾನೂನಿನಿಂದ ತೆಗೆದುಹಾಕಿದ್ದು ೧೯೭೫ರಲ್ಲಿ. ಆ ದೇಶದವರಿಗಿಂತ ನಾವು ಹದಿನಾಲ್ಕು ವರ್ಷ ಮುಂದೆ ಎಂದು ಹೆತ್ತವರು ಯಾರಾದರೂ ಹೆಮ್ಮೆಪಡುವುದಾದರೆ, ತಮ್ಮ ಮನೆಯಲ್ಲಿ ಕಳೆದ ವಿವಾಹದ ಲೆಕ್ಕವನ್ನು ಒಮ್ಮೆ ತೆರೆದು ನೋಡಿಕೊಂಡು ಆಮೇಲೆ ಪಡಬೇಕೆಂದು ನನ್ನ ವಿಜ್ಞಾಪನೆ.

ಅಲ್ಲಿಂದ ಉತ್ತರಕ್ಕೆ ಒಂದು ನೇರವಾದ ಬೀದಿ ಹೋಗುತ್ತದೆ. ಅದರ ಕೊನೆಯ ಚೌಕದಲ್ಲಿ ಬಲಗಡೆಗೆ ಒಂಬತ್ತು ಕಮಾನುಗಳ ಒಂದು ತೆಳ್ಳನೆಯ ಮೊಗಸಾಲೆಯಿದೆ. ಕಮಾನುಗಳ ನಡುವೆ ನೀಲಿ ಬಣ್ಣದ ದುಂಡು ಹಲಗೆಗಳು. ಒಂದೊಂದರಲ್ಲಿಯೂ ಬಟ್ಟೆ ಸುತ್ತಿದ ಒಂದೊಂದು ಬಿಳಿಯ ಕೂಸು ತೋಳುಗಳನ್ನು ಚಾಚಿದೆ. ಕಟ್ಟಡವು ಅದೇ ಬ್ರೂನೆಲ್ಲೆಸ್ಕಿಯದು. ಗುಮ್ಮಟಕ್ಕೆ ಒಂದು ವರ್ಷ ಮುಂಚೆ, ೧೪೧೯ರಲ್ಲಿ, ಪ್ರಾರಂಭವಾಯಿತು. ಕೂಸುಗಳನ್ನು ಆಂದ್ರೇಯಾ ದೆಲ್ಲಾ ರೋಬ್ಬಿಯಾ ಎಂಬವನು ಸುಟ್ಟ ಮಣ್ಣಿನಲ್ಲಿ ಮಾಡಿ ಬಣ್ಣದ ಗಾಜಿನ ಮೆರುಗು ಕೊಟ್ಟು ೧೪೮೭ರ ಸುಮಾರಿಗೆ ಕೂರಿಸಿದನು. ಇದು ಓಸ್ಪೆದಾಲೆ ದೆಲ್ಯಿ ಇನ್ನೊಚೆಂತಿ, ನಿರಪರಾಧಿಗಳ ಆಶ್ರಯ. ಹೆರೋದನು ಬೇತ್ಲೆಹೇಮಿನಲ್ಲಿ ಕೊಲ್ಲಿಸಿದ ಶಿಶುಗಳ ಹೆಸರನ್ನು, ತಂದೆತಾಯಿಗಳು ಬಿಟ್ಟುಹೋದ ಶಿಶುಗಳ ಮನೆಗೆ ಇಟ್ಟರು. ನನ್ನ ಕೈಯಲ್ಲಿದ್ದ ದಾರಿತೋರಿಕೆಯ ಪುಸ್ತಕವು ಇದಕ್ಕೆ ಕೊಟ್ಟದ್ದು ನಾಲ್ಕೇ ಪಂಕ್ತಿ, ಅವೂ ಕಂಬಗಳ ಅಂದವನ್ನು ಕುರಿತು. ನಾವು ಅಲ್ಲಿ ಎರಡು ತಾಸಿಗಿಂತ ಹೆಚ್ಚು ಹೊತ್ತು ಕಳೆದೆವು. ಆ ಕಾರಣದಿಂದ ಸಮೀಪದಲ್ಲಿಯೇ ಇರುವ ಮೈಕೆಲಾಂಜೆಲೋವಿನ ದಾವೀದನನ್ನು ನೋಡಲಾಗಲಿಲ್ಲ. ಅದರ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ.

ಪ್ರಾತೋ ಊರಿನ ಫ್ರಾಂಚೆಸ್ಕೋ ದಾತೀನಿ ಎಂಬ ವರ್ತಕನು ೧೪೧೦ರಲ್ಲಿ ಸಾಯುವಾಗ ಇಂಥ ಮನೆಯೊಂದಕ್ಕಾಗಿ ೧೦೦೦ ಫ್ಲೋರಿನ್‌ಗಳನ್ನು ಬರೆದಿಟ್ಟನು. ರೇಷ್ಮೆ ವರ್ತಕರ ಸಂಘವು ಕೆಲಸವನ್ನು ವಹಿಸಿಕೊಂಡಿತು. ೧೪೪೫ನೆಯ ಜನವರಿಯಲ್ಲಿ ಬಾಗಿಲು ತೆರೆಯಿತು. ಎರಡು ವಾರ ತುಂಬುವ ಮುಂಚೆಯೇ, ಫೆಬ್ರವರಿ ೫ರಂದು, ಮೊದಲನೆಯ ಕೂಸು ಬಂತು. ಹೆಣ್ಣು. ಅಂದು ಸಂತ ಆಗಾತಳ ದಿನವಾದುದರಿಂದ ಅದಕ್ಕೆ ಆಗಾತಾ ಸ್ಮೆರಾಲ್ದಾ ಎಂದು ಹೆಸರಿಟ್ಟರು. ಅದರ ಹಿಂದೆ ಬಂದ ಕೂಸುಗಳಲ್ಲಿಯೂ ಗಂಡಿಗಿಂತ ಹೆಣ್ಣೇ ಹೆಚ್ಚು. ಬರಗಾಲ ಬಂದಾಗ, ಯುದ್ಧ ಬಂದಾಗ, ಒಂದು ಮನೆಯವರು ಒಂದು ಕೂಸನ್ನು ಮಾತ್ರ ಸಾಕಬಲ್ಲೆವೆಂದು ತೀರ್ಮಾನಿಸಿದಾಗ, ಹೊರಗೆ ಹೋಗುತ್ತಿದ್ದದ್ದು ಹೆಚ್ಚಾಗಿ ಯಾವುದೆಂದು ಅಲ್ಲಿಯ ದಾಖಲೆಯ ಪುಸ್ತಕಗಳು ಮರೆಮಾಚದೆ ಹೇಳುತ್ತವೆ. ವರದಕ್ಷಿಣೆಯ ನಿಧಿಯ ಲೆಕ್ಕದ ಪುಸ್ತಕಗಳೊಡನೆ ಇವನ್ನು ಇಟ್ಟು ಓದಬೇಕು.

ಮೊಗಸಾಲೆಯ ಎಡತುದಿಯಲ್ಲಿ ಕಂಬಿಗಳಿರುವ ಒಂದು ಸಣ್ಣ ಕಿಟಕಿಯಿದೆ. ಅದರ ಸಂದಿನಲ್ಲಿ ತೂರುವಷ್ಟು ಎಳೆಯ ಕೂಸನ್ನು ಇಟ್ಟು, ಗಂಟೆ ಬಾರಿಸಿ, ಇಟ್ಟವರು ಕತ್ತಲಲ್ಲಿ ಹೋಗಿಬಿಡುತ್ತಿದ್ದರು. ೧೮೭೫ರಲ್ಲಿ ಅದನ್ನು ಮುಚ್ಚಿದರು. ಒಳಗೆ ಬಂದ ಕೂಸನ್ನು ಬರೆದುಕೊಂಡು, ದೀಕ್ಷಾಸ್ನಾನ ಕೊಟ್ಟು, ಹಾಲೂಡುವ ದಾದಿಯ ಕೈಗೆ ಒಪ್ಪಿಸುತ್ತಿದ್ದರು. ಆ ದಾದಿಯರು ಹೆಚ್ಚಾಗಿ ಹಳ್ಳಿಗಳ ಬಡ ಹೆಂಗಸರು, ಸಂಬಳಕ್ಕಾಗಿ ತಮ್ಮ ಮಗುವಿನ ಹಾಲನ್ನು ಇನ್ನೊಂದಕ್ಕೆ ಹಂಚಿದವರು. ಬಂದವುಗಳಲ್ಲಿ ಬಹಳ ಕೂಸುಗಳು ಬದುಕಲಿಲ್ಲ. ಬದುಕಿದ ಗಂಡುಮಕ್ಕಳಿಗೆ ಒಂದು ಕಸಬನ್ನು ಕಲಿಸುತ್ತಿದ್ದರು. ಹೆಣ್ಣುಮಕ್ಕಳು ರೇಷ್ಮೆ ನೂಲನ್ನು ಸುತ್ತುತ್ತಾ, ನೇಯುತ್ತಾ ಬೆಳೆದರು. ಅವರಿಗೂ ಮದುವೆಯಾಗಬೇಕಾದರೆ ಆಶ್ರಯವೇ ಹಣ ಕೂಡಿಸಿ ವರದಕ್ಷಿಣೆಯನ್ನು ಕೊಡಬೇಕಾಗಿತ್ತು! ಹಣವಿಲ್ಲದ ಕಾಲದಲ್ಲಿ ಅವರು ಅಲ್ಲಿಯೇ ನೂಲು ಸುತ್ತುತ್ತಾ ಮುದುಕಿಯರಾದರು.

ನನ್ನ ಶಿಷ್ಯೆಯು ನರ್ಸಿನ ಕಣ್ಣಿನಿಂದ ಎಲ್ಲವನ್ನೂ ನೋಡುತ್ತಿದ್ದಳು. ಹೆರಿಗೆಯ ವಾರ್ಡಿನಲ್ಲಿ ಎರಡು ವರ್ಷ ಕೆಲಸಮಾಡಿದವಳು. ಗೋಡೆಯ ಮೇಲಿನ ಕೂಸುಗಳ ಬಟ್ಟೆಯ ಸುತ್ತು ಎಷ್ಟು ಬಿಗಿ, ಕೆಲವದರಲ್ಲಿ ಅದು ಹೇಗೆ ಸಡಿಲಾಗಿ ಬಿಚ್ಚಿಕೊಳ್ಳುತ್ತಿದೆ ಎಂದು ನನಗೆ ತೋರಿಸಿದಳು. ವಸ್ತುಸಂಗ್ರಹಾಲಯದ ಒಂದು ಕೋಣೆಗೆ ಬಂದಾಗ ಮಾತ್ರ ಅವಳ ಬಾಯಿ ನಿಂತಿತು. ಅಲ್ಲಿ ಗೋಡೆಯುದ್ದಕ್ಕೂ ಚಿಕ್ಕ ಚಿಕ್ಕ ಖಾನೆಗಳಿವೆ. ಒಂದೊಂದರ ಮೇಲೂ ಒಂದು ಹೆಸರು. ಎಳೆದರೆ ಒಳಗೆ ಒಂದು ಪದಕದ ಅರ್ಧ ತುಂಡು. ಇನ್ನೊಂದರಲ್ಲಿ ಮುರಿದ ನಾಣ್ಯ. ಮತ್ತೊಂದರಲ್ಲಿ ಒಂದು ಮಣಿ, ಒಂದು ಚೂರು ನೂಲು. ಹತ್ತೊಂಬತ್ತನೆಯ ಶತಮಾನದಲ್ಲಿ ತಾಯಂದಿರು ಕೂಸಿನ ಬಟ್ಟೆಯಲ್ಲಿ ಕಟ್ಟಿ ಕಳುಹಿಸಿದವು ಇವು. ಇನ್ನರ್ಧವನ್ನು ತಾವು ಇಟ್ಟುಕೊಂಡಿದ್ದರು. ಕಾಲ ಒದಗಿದರೆ ಎಂದಾದರೊಂದು ದಿನ ಬಂದು, ಅರ್ಧಕ್ಕೆ ಅರ್ಧವನ್ನು ಜೋಡಿಸಿ, ಇದು ನನ್ನದು ಎಂದು ಕೇಳುವುದಕ್ಕಾಗಿ. ಕೆಲವರು ಬಂದರು. ಖಾನೆಗಳಲ್ಲಿ ಉಳಿದಿರುವ ತುಂಡುಗಳು ಅಂಥ ದಿನವನ್ನು ಕಾಣಲಿಲ್ಲ.

ಅವಳು ಒಂದಾದ ಮೇಲೊಂದು ಖಾನೆಯನ್ನು ಎಳೆಯುತ್ತಾ, ಮೆಲ್ಲಗೆ ಮುಚ್ಚುತ್ತಾ ಹೋದಳು. ಎಲ್ಲವನ್ನೂ ತೆರೆಯುವ ಅವಶ್ಯವಿರಲಿಲ್ಲ. ಆದರೂ ಯಾವುದೊಂದನ್ನಾದರೂ ಬಿಟ್ಟರೆ ತಪ್ಪಾದೀತೆಂಬಂತೆ ತೆರೆದಳು. ನಾನು ಬೇಗ ಬಾ ಎನ್ನಲಿಲ್ಲ. ಈ ಮಕ್ಕಳಿಗೆ ಇನ್ನೊಚೆಂತಿ, ದೆಲ್ಯಿನ್ನೊಚೆಂತಿ ಎಂಬ ಅಡ್ಡಹೆಸರನ್ನು ಕೊಡುತ್ತಿದ್ದರು. ಆ ಹೆಸರಿನವರು ಆ ಸೀಮೆಯಲ್ಲಿ ಇಂದಿಗೂ ಬಹಳ ಮಂದಿ ಇದ್ದಾರೆ. ಕಟ್ಟಡವು ಮಕ್ಕಳ ಕೆಲಸವನ್ನು ಬಿಟ್ಟಿಲ್ಲ. ವಿಶ್ವಸಂಸ್ಥೆಯ ಯುನಿಸೆಫ್ ತನ್ನ ಸಂಶೋಧನೆಯ ಕಚೇರಿಯನ್ನು ೧೯೮೮ರಲ್ಲಿ ಇಲ್ಲಿಯೇ ತೆರೆಯಿತು.

ಮಧ್ಯಾಹ್ನ ಇಳಿಯುತ್ತಿತ್ತು. ಸಾಂತಾ ಕ್ರೋಚೆ ದೇವಾಲಯಕ್ಕೆ ಬೇಗಬೇಗನೆ ನಡೆದೆವು. ಅಲ್ಲಿ ಮೈಕೆಲಾಂಜೆಲೋ, ಮಾಕಿಯಾವೆಲ್ಲಿ, ಗಲಿಲೇಯೋ ಇವರ ಸಮಾಧಿಗಳಿವೆ. ದಾಂತೆ ಮಹಾಕವಿಗೂ ಒಂದು ದೊಡ್ಡ ಸಮಾಧಿಯಿದೆ, ಆದರೆ ಒಳಗೆ ಅವನಿಲ್ಲ. ಊರಿನಿಂದ ೧೩೦೨ರಲ್ಲಿ ಗಡೀಪಾರಾಗಿ ೧೩೨೧ರಲ್ಲಿ ರಾವೆನ್ನದಲ್ಲಿ ತೀರಿಕೊಂಡನು, ಆ ಊರಿನವರು ಅವನನ್ನು ಬಿಟ್ಟುಕೊಡಲಿಲ್ಲ. ೧೯೬೬ನೆಯ ನವೆಂಬರ್ ೪ರಂದು ಆರ್ನೋ ನದಿ ಉಕ್ಕಿ ಈ ಬಡಾವಣೆಯ ಕೆಲವು ಕಡೆ ೨೦ ಅಡಿಗೂ ಮೇಲೆ ನಿಂತಿತ್ತು. ಪಕ್ಕದ ರಾಷ್ಟ್ರೀಯ ಗ್ರಂಥಾಲಯದ ಲಕ್ಷಾಂತರ ಪುಸ್ತಕಗಳು ಕೆಸರಿನಲ್ಲಿ ಮುಳುಗಿದವು. ಅನೇಕ ದೇಶಗಳ ವಿದ್ಯಾರ್ಥಿ ವಿದ್ಯಾರ್ಥಿನಿಯರು ತಾವಾಗಿಯೇ ಬಂದು, ಸಾಲಾಗಿ ನಿಂತು, ಕೈಯಿಂದ ಕೈಗೆ ಅವನ್ನು ಮೇಲಕ್ಕೆ ಸಾಗಿಸಿದರು. ಕೆಸರಿನ ದೂತರೆಂದು ಊರವರು ಅವರನ್ನು ಕರೆದರು.

ಗಲಿಲೇಯೋವಿನ ಸಮಾಧಿಯ ಮುಂದೆ ನಾನು ನಿಂತದ್ದು ಅವನಿಗಾಗಿ ಅಲ್ಲ. ಅವನಿಗೆ ೧೬೦೦ರಲ್ಲಿ ಹುಟ್ಟಿದ ವರ್ಜೀನಿಯಾ ಎಂಬ ಮಗಳಿದ್ದಳು. ತಾಯಿತಂದೆಯರು ವಿವಾಹವಾದವರಲ್ಲ, ಅಂಥವಳಿಗೆ ವರ ದೊರೆಯುವುದು ಕಷ್ಟವೆಂದು ತಂದೆಯು ಅವಳನ್ನೂ ತಂಗಿಯನ್ನೂ ೧೬೧೩ರಲ್ಲಿ ಆರ್ಚೇತ್ರಿಯ ಬಡ ಮಠವೊಂದಕ್ಕೆ ಸೇರಿಸಿದನು. ಅಲ್ಲಿ ಅವಳು ಮರಿಯಾ ಚೆಲೆಸ್ತೆ ಎಂಬ ಹೆಸರನ್ನು ಧರಿಸಿದಳು. ಚೆಲೆಸ್ತೆ ಎಂದರೆ ಆಕಾಶಕ್ಕೆ ಸೇರಿದವಳು. ಮಠದ ಔಷಧಶಾಲೆಯನ್ನು ನೋಡಿಕೊಂಡಳು. ತಂದೆಗೆ ಗುಳಿಗೆಗಳನ್ನು ಮಾಡಿ ಕಳುಹಿಸಿದಳು, ಅಂಗಿಯ ಕೊರಳುಪಟ್ಟಿಗಳನ್ನು ಹೊಲಿದಳು, ಅವನ ಬರಹಗಳನ್ನು ಪ್ರತಿಮಾಡಿಕೊಟ್ಟಳು. ಭೂಮಿಯು ಸೂರ್ಯನನ್ನು ಸುತ್ತುತ್ತದೆಂದು ಬರೆದದ್ದಕ್ಕಾಗಿ ೧೬೩೩ರಲ್ಲಿ ಅವನ ವಿಚಾರಣೆಯಾಗಿ, ವಾರಕ್ಕೊಮ್ಮೆ ಏಳು ಕೀರ್ತನೆಗಳನ್ನು ಪಠಿಸುವ ಪ್ರಾಯಶ್ಚಿತ್ತವೂ ವಿಧಿಸಲ್ಪಟ್ಟಾಗ, ಅದನ್ನು ತನ್ನ ಮೇಲೆ ತೆಗೆದುಕೊಂಡಳು. ೧೬೩೪ರಲ್ಲಿ, ಮೂವತ್ತಮೂರನೆಯ ವಯಸ್ಸಿನಲ್ಲಿ, ತೀರಿಕೊಂಡಳು. ಅವಳು ಬರೆದ ೧೨೪ ಕಾಗದಗಳು ಉಳಿದಿವೆ. ಅವನು ಅವಳಿಗೆ ಬರೆದವುಗಳಲ್ಲಿ ಒಂದೂ ಉಳಿದಿಲ್ಲ. ಗಲಿಲೇಯೋ ೧೬೪೨ರಲ್ಲಿ ಸತ್ತನು. ಅವನಿಗೆ ಯೋಗ್ಯವಾದ ಸಮಾಧಿ ದೊರೆತದ್ದು ೧೭೩೭ರಲ್ಲಿ. ಅದಕ್ಕಾಗಿ ಹಳೆಯ ಗೋರಿಯನ್ನು ತೆರೆದಾಗ ಅವನ ಬಳಿಯಲ್ಲಿ ಒಬ್ಬ ಹೆಂಗಸಿನ ಅಸ್ಥಿಗಳೂ ಸಿಕ್ಕಿದವು. ಮಗಳೇ ಇರಬೇಕೆಂದು ಎಣಿಸುತ್ತಾರೆ. ಸಮಾಧಿಯ ಮೇಲೆ ಎರಡು ಕಲ್ಲಿನ ಸ್ತ್ರೀಪ್ರತಿಮೆಗಳಿವೆ. ಮಗಳಂದಿರೆಂದು ನನ್ನ ಶಿಷ್ಯೆ ಭಾವಿಸಿದ್ದಳು. ಅಲ್ಲ, ಒಂದು ಜ್ಯೋತಿಶ್ಶಾಸ್ತ್ರ, ಇನ್ನೊಂದು ರೇಖಾಗಣಿತ.

ಉಫೀತ್ಸಿ ಚಿತ್ರಶಾಲೆಯ ಹೊರಗೆ ಜನರ ಸಾಲು ನದಿಯ ತನಕ ಬೆಳೆದಿತ್ತು. ಒಳಹೋಗುವ ಆಸೆಯನ್ನು ಬಿಟ್ಟೆವು. ಆದರೆ ಆ ಚಿತ್ರಗಳು ಇಂದಿಗೂ ಆ ಊರಿನಲ್ಲಿ ಯಾಕೆ ಇವೆಯೆಂಬುದನ್ನು ಹೇಳದಿದ್ದರೆ ಪಾಠ ಅರ್ಧವಾಗುತ್ತದೆ. ಫ್ಲಾರೆನ್ಸನ್ನು ಆಳಿದ ಮೆದಿಚಿ ವಂಶದ ಕೊನೆಯವಳು ಆನ್ನಾ ಮರಿಯಾ ಲುಯೀಸಾ. ಅವಳ ತಂದೆಯು ಗಂಡುಸಂತಾನ ನಿಂತುಹೋದರೆ ಮಗಳು ಪಟ್ಟಕ್ಕೆ ಬರಲೆಂದು ಯತ್ನಿಸಿದನು. ಯೂರೋಪಿನ ದೊಡ್ಡ ರಾಜ್ಯಗಳು ಒಪ್ಪದೆ ಸೀಮೆಯನ್ನು ಪರರಾಜನಿಗೆ ಕೊಟ್ಟವು. ಸಿಂಹಾಸನ ತಪ್ಪಿದ ಆಕೆ ೧೭೩೭ರಲ್ಲಿ ಹೊಸ ಅರಸನೊಡನೆ ಒಂದು ಒಡಂಬಡಿಕೆಯನ್ನು ಮಾಡಿಕೊಂಡಳು. ವಂಶದವರು ಮುನ್ನೂರು ವರ್ಷ ಕೂಡಿಸಿದ ಚಿತ್ರಗಳು, ಪ್ರತಿಮೆಗಳು, ಪುಸ್ತಕಗಳು, ರತ್ನಗಳು ಎಲ್ಲವೂ ರಾಜ್ಯಕ್ಕೆ ಸೇರಲಿ. ಆದರೆ ಅವುಗಳಲ್ಲಿ ಒಂದೂ ಊರನ್ನು ಬಿಟ್ಟು ಹೋಗಕೂಡದು,
ಸಾರ್ವಜನಿಕರ ಉಪಯೋಗಕ್ಕೆ ಇರತಕ್ಕದ್ದು ಎಂಬುದೇ ಅದರ ಕಟ್ಟಳೆ. ೧೭೪೩ರ ಫೆಬ್ರವರಿ ೧೮ರಂದು ಅವಳು ತೀರಿಕೊಂಡಳು. ಆ ಸಾಲಿನಲ್ಲಿ ನಿಂತಿದ್ದ ನೂರಾರು ಜನರು ಅವಳ ಅತಿಥಿಗಳು.

ಹಳೆಯ ಸೇತುವೆಯನ್ನು ೧೩೪೫ರಲ್ಲಿ ಕಟ್ಟಿದರು. ಅದರ ಮೇಲಿದ್ದ ಕಟುಕರ ಅಂಗಡಿಗಳನ್ನು ೧೫೯೩ರಲ್ಲಿ ತೆಗೆಸಿ ಅಕ್ಕಸಾಲಿಗಳಿಗೆ ಕೊಟ್ಟರು. ೧೯೪೪ರಲ್ಲಿ ಹಿಂದೆಗೆಯುತ್ತಿದ್ದ ಜರ್ಮನ್ ಸೈನ್ಯವು ಊರಿನ ಉಳಿದೆಲ್ಲ ಸೇತುವೆಗಳನ್ನು ಸಿಡಿಸಿ ಇದೊಂದನ್ನು ಮಾತ್ರ ಉಳಿಸಿತು. ಎರಡು ಕಡೆಯೂ ಕಿಟಕಿ ತುಂಬ ಚಿನ್ನ. ಇಬ್ಬರೂ ಬೆಲೆ ಕೇಳಿದೆವು, ಇಬ್ಬರೂ ನಕ್ಕೆವು.

ರೈಲಿಗೆ ಕಾಯುತ್ತಿದ್ದಾಗ ಅವಳು ಮೊಬೈಲಿನಲ್ಲಿ ಊರಿಗೆ ಮಾತಾಡಿದಳು. ಅಲ್ಲಿ ರಾತ್ರಿ ಹತ್ತು ದಾಟಿತ್ತು, ತಂದೆ ಮಲಗಿರಲಿಲ್ಲ. ಟೀಚರ್ ಜೊತೆಯಲ್ಲಿದ್ದಾರೆಂದು ಹೇಳಿ ನನಗೂ ಕೇಳಿಸುವಂತೆ ಮಾಡಿದಳು. ಏನೇನು ನೋಡಿದಿರಿ ಎಂದು ಅವರು ಕೇಳಲು, ಇವಳು ಗುಮ್ಮಟವನ್ನೂ ಸೇತುವೆಯನ್ನೂ ಬಿಟ್ಟು, ಆರು ನೂರು ವರ್ಷದ ಹಿಂದೆ ಈ ಊರಿನ ತಂದೆಗಳು ಮಗಳ ಮದುವೆಗೆಂದು ಸರಕಾರದಲ್ಲಿ ಹಣವಿಡುತ್ತಿದ್ದ ಸಂಗತಿಯನ್ನು ಹೇಳಿದಳು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಬಡ್ಡಿ ಎಷ್ಟು ಕೊಡುತ್ತಿದ್ದರು?" ಎಂದು ಕೇಳಿದರು.

ನೂರಕ್ಕೆ ಹದಿನೈದು ವರ್ಷದಲ್ಲಿ ಐನೂರು ಎಂದು ನಾನು ಹೇಳಿದೆನು. ಶಿಷ್ಯೆಯು ಲೆಕ್ಕ ಹಾಕಿ, ವರ್ಷಕ್ಕೆ ನೂರಕ್ಕೆ ಹನ್ನೊಂದರ ಮೇಲೆ ಬೀಳುತ್ತದಪ್ಪಾ ಎಂದಳು.

"ನಮ್ಮ ಪೋಸ್ಟಾಫೀಸಿನವರು ಅಷ್ಟು ಕೊಡಲಿಲ್ಲ," ಎಂದರು ಅವರು. ಆಮೇಲೆ, "ಇರಲಿ. ನೀನು ಊಟ ಮಾಡಿದಿಯಾ?" ಎಂದು ಕೇಳಿದರು.